ಅಭಿವೃದ್ಧಿ ಶುಲ್ಕ ಕಟ್ಟಿದ್ದೇನೆ, ಆ ದುಡ್ಡಿನ ಲೆಕ್ಕ ಎಲ್ಲಿ ಸಿಗುತ್ತೆ?

ಕೆಸರುಗಾಲು:
ದಾವಣಗೆರೆ ಹೊರಗಡೆ ಒಂದು ಲೇಔಟ್‌ನಲ್ಲಿ ಮನೆ ಕಟ್ಟುತ್ತಿದ್ದೇನೆ. ಲೈಸೆನ್ಸ್ ತಗೊಳ್ಳುವಾಗ ಅಭಿವೃದ್ಧಿ ಶುಲ್ಕ ಅಂತ ದೊಡ್ಡ ಮೊತ್ತವನ್ನೇ ಕಟ್ಟಿಸಿಕೊಂಡರು. ಮನೆ ಮುಂದೆ ಚರಂಡಿ ಇಲ್ಲ, ರಸ್ತೆ ಇಲ್ಲ. ಮೊನ್ನೆ ಮಳೆಗೆ ಸಿಮೆಂಟ್ ತಂದ ಟ್ರ್ಯಾಕ್ಟರ್ ಹೂತುಕೊಂಡು, ತಿರುವಿನಿಂದ ಒಂದೊಂದೇ ಚೀಲ ತಲೆ ಮೇಲೆ ಹೊತ್ತು ತಂದೆವು. ಕಚೇರಿಯಲ್ಲಿ ಕೇಳಿದರೆ "ಅದು ಜನರಲ್ ಆಗಿ, ಎಲ್ಲ ಕೆಲಸಕ್ಕೂ ಸೇರಿ ಖರ್ಚಾಗುತ್ತೆ" ಅಂದರು. ಎಷ್ಟು ಬಂತು, ಎಲ್ಲಿಗೆ ಹೋಯ್ತು ಅಂತ ಜನರಿಗೆ ತೋರಿಸಬೇಕಲ್ವಾ?

ಮಂಡಕ್ಕಿ ಮೆಣಸಿನಕಾಯಿ:
ಅಣ್ಣಾ, ಮೊದಲು ರಸೀದಿ ತೆಗೆದು ನೋಡಿ. ಒಂದೇ ಶುಲ್ಕ ಅಂದುಕೊಳ್ಳಬೇಡಿ. 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯ 18-ಎ ಕಲಮಿನಲ್ಲಿ ನೀರು ಸರಬರಾಜು, ರಿಂಗ್ ರೋಡ್, ಸ್ಲಂ ಸುಧಾರಣೆ ಅಂತ ಬೇರೆ ಬೇರೆ ಸೆಸ್, ಸರ್‌ಚಾರ್ಜ್ ಇವೆ. ಅವು ನಿಮ್ಮ ಓಣಿಗಲ್ಲ, ಇಡೀ ಊರಿಗೆ. ರಿಂಗ್ ರೋಡ್ ದುಡ್ಡು ಹಿಡಿದುಕೊಂಡು ಚರಂಡಿ ಎಲ್ಲಿ ಅಂತ ಜಗಳಕ್ಕೆ ನಿಂತರೆ ಅವರೇ ಗೆಲ್ಲುತ್ತಾರೆ.

ಪಿ.ಬಿ. ರೋಡ್ ವಾಸಿ:
ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಸರ್. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ಇದು ಕರ್ನಾಟಕದ ನಿಯಮ, ಮೀರಿದರೆ ಅದೇ ನೆಪ ಹೇಳಿ ವಾಪಸ್ ಕಳಿಸುತ್ತಾರೆ. "ನನ್ನ ದುಡ್ಡು ಏನಾಯ್ತು" ಅಂತ ಮಾತ್ರ ಬರೆಯಬೇಡಿ. ನಾನು ಹಾಗೆ ಬರೆದು "ನಿಯಮಾನುಸಾರ ವಿನಿಯೋಗಿಸಲಾಗಿದೆ" ಅನ್ನೋ ಒಂದು ಸಾಲು ತಗೊಂಡು ಬಂದವನು! ಯಾವ ಹೆಡ್, ಅಂದರೆ ರಸೀದಿಯಲ್ಲಿ ಯಾವ ಬಾಬ್ತು ಅಂತ ಹೆಸರು ಹಾಕಿ, ಏಪ್ರಿಲ್ 1ಕ್ಕೆ ಅದರಲ್ಲಿ ಎಷ್ಟಿತ್ತು, ವರ್ಷದಲ್ಲಿ ಎಷ್ಟು ಬಂತು, ಯಾವ ಕಾಮಗಾರಿಗೆ ಎಷ್ಟು ಹೋಯ್ತು, ಮಾರ್ಚ್ 31ಕ್ಕೆ ಎಷ್ಟು ಉಳೀತು, ಇಷ್ಟರ ದಾಖಲೆ ಪ್ರತಿ ಕೇಳಿ. 30 ದಿನ ಕಾಯಿರಿ, ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ.

ಊರುಬಿಟ್ಟವಳು:
ಅಮೆರಿಕದ ಪುರಾಣ ಬೇಡ ಅಂತ ಬೈಯಬೇಡಿ. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಇಂಥ ಶುಲ್ಕವನ್ನು ಬೇರೆ ಖಾತೆಯಲ್ಲೇ ಇಡಬೇಕು. ಹಣಕಾಸು ವರ್ಷ ಮುಗಿದು 180 ದಿನದೊಳಗೆ ಬಂದದ್ದು, ಬಡ್ಡಿ, ಖರ್ಚು, ಉಳಿಕೆ ಎಲ್ಲ ಜನರ ಮುಂದಿಡಬೇಕು. ಐದು ವರ್ಷಕ್ಕೊಮ್ಮೆ, ಖರ್ಚಾಗದ ದುಡ್ಡು ಯಾಕೆ ಬೇಕು ಅಂತ ಬರೆದು ಕೊಡಬೇಕು, ಕೊಡದಿದ್ದರೆ ಆ ದುಡ್ಡು ವಾಪಸ್. ನಮ್ಮಲ್ಲೂ ಆರ್‌ಟಿಐ ಕಾಯ್ದೆಯ 4(1)(ಬಿ) ಇದೆ, ಬಜೆಟ್ಟು, ಹಣ ಬಿಡುಗಡೆಯ ವರದಿ ಯಾರೂ ಕೇಳದೆಯೇ ಪ್ರಕಟಿಸಬೇಕು. ಆದರೆ ನಾನು ನೋಡಿದ ಬಜೆಟ್ ಪುಸ್ತಕಗಳಲ್ಲಿ ಒಟ್ಟು ಮೊತ್ತ ಸಿಗುತ್ತೆ, ಓಣಿ ಸಿಗಲ್ಲ.

ಕೆಸರುಗಾಲು:
ರಸೀದಿ ತೆಗೆದೆ. ನಾಲ್ಕು ಹೆಡ್ ಇವೆ, ಮೂರನೆಯದು ನೀರು ತಾಗಿ ಅಳಿಸಿಹೋಗಿದೆ. ಓದೋಕೆ ಬರುವ ಉಳಿದ ಮೂರಕ್ಕೂ ಒಂದೊಂದು ಅರ್ಜಿ, ಸೋಮವಾರ ಪೋಸ್ಟ್ ಆಫೀಸಿಗೆ ಹೋಗುತ್ತೇನೆ. ಅಷ್ಟರೊಳಗೆ ಯಾರಾದರೂ ಈ ಕೆಸರಿಗೆ ಹಾಕೋಕೆ ಒಂದು ಲೋಡ್ ಗರಸು ಮಣ್ಣಿಗೆ ರೇಟ್ ಎಷ್ಟು ಅಂತ ಹೇಳಿ ಪುಣ್ಯ ಕಟ್ಟಿಕೊಳ್ಳಿ.