ಅಂಚೆಯಲ್ಲಿ ಸುತ್ತುತ್ತಿರುವ ಕಾದಂಬರಿ: ಅಂಚಿನ ಬರಹ ಅಳಿಸಲೋ ಬೇಡವೋ?

ಬೆಣ್ಣೆನಗರಿ:

ಎಲ್ಲರಿಗೂ ನಮಸ್ಕಾರ. ನನ್ನ ಮೇಜಿನ ಮೇಲೆ ‘ಮಲೆಗಳಲ್ಲಿ ಮದುಮಗಳು’ ಇದೆ, ಪಕ್ಕದಲ್ಲಿ ಒಂದು ರಬ್ಬರ್ ಇದೆ. ಎರಡು ದಿನದಿಂದ ರಬ್ಬರ್ ಕೈಗೆ ತಗೊಳ್ಳುತ್ತೇನೆ, ಮತ್ತೆ ಇಡುತ್ತೇನೆ. ನಿಮ್ಮ ಸಲಹೆ ಬೇಕು.

2024ರ ಡಿಸೆಂಬರ್‌ನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಹೋಗಿದ್ದೆ. ಊಟದ ಸಾಲಿನಲ್ಲಿ ನಿಂತಾಗ ಪುಸ್ತಕದ ಮಾತು ಬಂತು. ನನ್ನ ಹಿಂದೆ ತೀರ್ಥಹಳ್ಳಿಯ ಅಕ್ಕ, ಮುಂದೆ ವಿಜಯಪುರದ ಅಂಗಡಿಯವರು, ಅವರ ಜೊತೆ ಮಾತಿಗೆ ಸೇರಿದವರು ಮಂಗಳೂರಿನ ಒಬ್ಬರು. ಕುವೆಂಪು ಅವರ ಈ ಕಾದಂಬರಿ 1967ರಲ್ಲೇ ಬಂದದ್ದು. ಆದರೆ ನಾಲ್ವರಲ್ಲಿ ಇಬ್ಬರು ಅದರ ದಪ್ಪ ನೋಡಿ ಇಷ್ಟು ವರ್ಷ ಮುಟ್ಟಿರಲಿಲ್ಲ. ಒಂದೇ ಪ್ರತಿ ನಾಲ್ಕೂ ಊರು ಸುತ್ತಲಿ, ಓದುತ್ತಾ ಅನ್ನಿಸಿದ್ದನ್ನು ಅಂಚಿನಲ್ಲಿ ಬರೆಯೋಣ ಎಂದು ಅಲ್ಲೇ ತೀರ್ಮಾನವಾಯಿತು. ಪ್ರತಿ ನನ್ನದು. ನಾನು ಹಾಕಿದ ನಿಯಮ ಒಂದೇ: ಪೆನ್ಸಿಲ್ ಮಾತ್ರ, ಪೆನ್ ಬೇಡ. (ಗಣಿತದ ಟೀಚರ್ ನಾನು, ಅಭ್ಯಾಸಬಲ.)

ಈಗ ಪುಸ್ತಕ ಸುತ್ತು ಮುಗಿಸಿ ದಾವಣಗೆರೆಗೆ ವಾಪಸ್ ಬಂದಿದೆ. ಬಿಚ್ಚಿ ನೋಡಿದಾಗ ಕಣ್ಣು ತುಂಬಿತು. ತೀರ್ಥಹಳ್ಳಿಯ ಅಕ್ಕ ತಮ್ಮ ಸೀಮೆಯ ಮಾತಿಗೆಲ್ಲ ಅರ್ಥ ಬರೆದಿದ್ದಾರೆ. ‘ಉಣುಗೋಲು’ ಬಂದ ಕಡೆ ಎರಡು ಕಂಬ, ಅವುಗಳ ತೂತಿಗೆ ಅಡ್ಡ ತೂರಿಸಿದ ಗಳುಗಳು, ಆಚೆ ನಿಂತ ಒಂದು ದನದ ಚಿತ್ರ ಬಿಡಿಸಿದ್ದಾರೆ. ‘ಇಂಬಳ’ಕ್ಕೆ, ‘ಕಾಡಿನ ಜಿಗಣೆ, ನಮ್ಮ ಮನೆ ಅಂಗಳದಲ್ಲೂ ಉಂಟು, ಸುಣ್ಣ ಹಚ್ಚಿದರೆ ಬಿಡುತ್ತದೆ’ ಎಂದಿದೆ. ಬಯಲುಸೀಮೆಯವಳಾದ ನನಗೆ ಇದು ಎಷ್ಟು ಉಪಕಾರ ಗೊತ್ತಾ!

ತೊಂದರೆ ಒಂದೇ ಒಂದು ಕಡೆ. ಶುರುವಿನಲ್ಲಿ ಗುತ್ತಿಯ ಜೊತೆ ಅವನ ನಾಯಿ ಹುಲಿಯ ಬರುತ್ತಾನಲ್ಲ, ಅಲ್ಲಿ ಅಕ್ಕ ಮೂರು ಸಾಲು ಬರೆದಿದ್ದಾರೆ. ‘ಈ ನಾಯಿಯನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ’ ಎಂದು ಶುರು. ಮುಂದಿನ ಎರಡು ಸಾಲಿನಲ್ಲಿ ಪುಸ್ತಕದ ಕೊನೆಯನ್ನೇ ಹೇಳಿಬಿಟ್ಟಿದ್ದಾರೆ. ಓದದವರಿಗಾಗಿ ನಾನಿಲ್ಲಿ ಅದನ್ನು ಹೇಳುವುದಿಲ್ಲ. ವಿಜಯಪುರದವರು ಐವತ್ತು ಪೈಸೆಯ ಕಾರ್ಡಿನಲ್ಲಿ ನನಗೆ ಬರೆದರು: ‘ಟೀಚರ್, ಹುಲಿಯನ ಸುದ್ದಿ ಮೊದಲೇ ತಿಳಿದುಬಿಟ್ಟಿತು.’ ಬೇರೇನೂ ಇರಲಿಲ್ಲ.

ಈಗ ಐದನೆಯವಳಾಗಿ ತುಮಕೂರಿನ ಒಬ್ಬ ಕಾಲೇಜು ಹುಡುಗಿ ಸೇರಿದ್ದಾಳೆ. ಅವಳಿಗೆ ಇದು ಮೊದಲ ಓದು. ಆ ಸಾಲು ಅಳಿಸಲೇ? ಅಳಿಸಿದರೆ ಅಕ್ಕನ ಅಕ್ಷರ ಹೋಗುತ್ತದೆ. ಬಿಟ್ಟರೆ ಹುಡುಗಿಯ ಓದು ಕೆಡುತ್ತದೆ.

ಪುಸ್ತಕದ ಕಪಾಟು:

ಮೇಡಂ, ಅಳಿಸಬೇಡಿ. ಗ್ರಂಥಾಲಯದಲ್ಲಿ ಕೆಲಸ ಮಾಡುವವನ ಮಾತು ಕೇಳಿ. ಎಷ್ಟು ಹಗುರವಾಗಿ ಉಜ್ಜಿದರೂ ಹಳೆ ಕಾಗದದ ಮೇಲ್ಪದರ ಏಳುತ್ತದೆ. ಪೆನ್ಸಿಲ್ ಒತ್ತಿ ಬರೆದಿದ್ದರೆ ಗುರುತು ಹೇಗೂ ಉಳಿಯುತ್ತದೆ, ಓರೆಯಾಗಿ ಹಿಡಿದು ಓದಿಯೂಬಿಡಬಹುದು.

ಸೆಲ್ಲೋಟೇಪ್ ಅಂತೂ ಹಚ್ಚಲೇಬೇಡಿ. ಕೆಲವು ವರ್ಷಕ್ಕೆ ಹಳದಿಯಾಗಿ ಕಾಗದವನ್ನೂ ಕೆಡಿಸುತ್ತದೆ. ಎರಡು ಬೆರಳಗಲದ ಬಿಳಿ ಕಾಗದದ ಪಟ್ಟಿ ತೆಗೆದುಕೊಳ್ಳಿ. ಆ ಹಾಳೆಯ ಅಂಚಿಗೆ ನಡುಪಟ್ಟಿಯ ಹಾಗೆ ಸುತ್ತಿ, ಪಟ್ಟಿಯ ತುದಿಯನ್ನು ಪಟ್ಟಿಗೇ ಅಂಟಿಸಿ. ಪುಸ್ತಕಕ್ಕೆ ಗೋಂದು ತಾಗಬಾರದು. ಓದಿ ಮುಗಿಸಿದವರು ಕತ್ತರಿಸಿ ತೆಗೆಯಲಿ.

ಇನ್ನು ಮುಂದಿನ ಸುತ್ತಿಗೆ ಒಂದು ನೋಟ್‌ಬುಕ್ ಇಡಿ. ಪದಗಳ ಅರ್ಥ ಪುಸ್ತಕದ ಅಂಚಿನಲ್ಲಿ, ಕಥೆಯ ಬಗ್ಗೆ ಅನ್ನಿಸಿದ್ದು ಪುಟ ಸಂಖ್ಯೆ ಹಾಕಿ ನೋಟ್‌ಬುಕ್ಕಿನಲ್ಲಿ. ಆದರೆ ಅದನ್ನು ಪುಸ್ತಕದ ಜೊತೆ ಕಟ್ಟಬೇಡಿ. ಪುಸ್ತಕದ ಕಟ್ಟಿನಲ್ಲಿ ಖಾಸಗಿ ಕಾಗದ ಇಡಬಾರದು ಎಂಬುದು ಬುಕ್ ಪೋಸ್ಟ್ ಕಾಲದ ನಿಯಮ. ಬೇರೆಯಾಗಿ, ಓದು ಮುಗಿಯಿತೆಂದು ಸುದ್ದಿ ಬಂದ ಮೇಲೆ ಕಳಿಸಿ.

ಈಗ ಯಾವುದರಲ್ಲಿ ಕಳಿಸುತ್ತಿದ್ದೀರಿ?

ಬೆಣ್ಣೆನಗರಿ:

ಒಳ್ಳೆಯ ಪ್ರಶ್ನೆ ಸರ್. ನಾವು ಮಂಡ್ಯಕ್ಕೆ ಹೋಗುವ ಎರಡು ದಿನ ಮುಂಚೆ, ಡಿಸೆಂಬರ್ 18ಕ್ಕೆ, ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತಿತ್ತು. ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಜನವರಿಯಲ್ಲಿ ತೀರ್ಥಹಳ್ಳಿಗೆ ಪಾರ್ಸೆಲ್ ಮಾಡಿದೆ, ಖರ್ಚು ಜಾಸ್ತಿ ಬಂತು. 2025ರ ಮೇ 1ರಿಂದ ಪುಸ್ತಕಗಳಿಗೆಂದು ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಶುರುವಾಯಿತಲ್ಲ, ಆಮೇಲಿನ ಎಲ್ಲ ಪಯಣ ಅದರಲ್ಲೇ. 300 ಗ್ರಾಂವರೆಗೆ 20 ರೂಪಾಯಿಯಿಂದ ಶುರು, 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. ಭೂಮಾರ್ಗದಲ್ಲಿ ಹೋಗುವುದರಿಂದ ನಿಧಾನ. ಆದರೆ ಎಲ್ಲಿದೆ ಅಂತ ನೋಡಬಹುದು.

ಮಂಗಳೂರಿಗೆ ಹೋದದ್ದು ಮಳೆಗಾಲದಲ್ಲಿ. ನಾನೇ ಫೋನಿನಲ್ಲಿ ಬರೀ ಕಂದು ಕಾಗದ ಸಾಕು ಎಂದಿದ್ದೆ, ಅದು ನನ್ನ ತಪ್ಪು. ಕೆಳಗಿನ ಮೂಲೆ ನೆನೆದು ಕೊನೆಯ ಹಾಳೆಗಳು ಉಬ್ಬಿವೆ.

ಕುಡ್ಲದ ಓದುಗ:

ಆ ಉಬ್ಬಿದ ಹಾಳೆಗಳನ್ನು ನಾನು ಎರಡು ದಿನ ಫ್ಯಾನ್ ಕೆಳಗೆ ಒಣಗಿಸಿದೆ. ಮೇಡಂ, ನಿಮ್ಮ ತಪ್ಪೇನಲ್ಲ, ನಮ್ಮ ಜುಲೈ ಹಾಗೆಯೇ.

ನನ್ನ ಒಂದು ಮಾತು. ಈ ಕಾದಂಬರಿಯಲ್ಲಿ ಘಟ್ಟದ ಕೆಳಗಿನಿಂದ ಹೋದ ಕೂಲಿಯವರಿದ್ದಾರೆ. ಐತ, ಪೀಂಚಲು. ಐತ ಎಂದರೆ ನಮ್ಮ ತುಳುವಿನ ಹೆಸರು, ಐತಾರ ಹುಟ್ಟಿದವನಿಗೆ ಇಡುತ್ತಿದ್ದರು. ಐತಾರ ಅಂದರೆ ಭಾನುವಾರ. ಇದನ್ನು ಅಂಚಿನಲ್ಲಿ ಬರೆಯುವಾಗ ನನಗೆ ಕೈ ನಡುಗಿತು. ನನ್ನ ಅಜ್ಜನ ಅಣ್ಣನೂ ಹೀಗೆ ಘಟ್ಟ ಹತ್ತಿ ದುಡಿಯಲು ಹೋದವರು. ಅವರು ವಾಪಸ್ ಬರಲಿಲ್ಲ ಎಂಬುದಷ್ಟೇ ಮನೆಯಲ್ಲಿ ಗೊತ್ತು. ಅವರ ದಿನ ಹೇಗೆ ಕಳೆದಿರಬಹುದು, ಏನು ಉಂಡಿರಬಹುದು ಎಂದು ನನಗೆ ತೋರಿಸಿದ್ದು ಈ ಪುಸ್ತಕ. ಇದನ್ನು ಬೇರೆ ನೋಟ್‌ಬುಕ್ಕಿನಲ್ಲಿ, ಬೇರೆ ದಿನ ಕೂತು ಬರೆಯಲು ನನ್ನಿಂದ ಆಗುತ್ತಿರಲಿಲ್ಲ. ಆ ಪುಟದಲ್ಲೇ, ಆಗಲೇ ಬರಬೇಕಿತ್ತು.

ತೀರ್ಥಹಳ್ಳಿ ಮಳೆ:

ಬರೆದದ್ದು ನಾನು. ಕ್ಷಮಿಸಿ. ನಿಮ್ಮಲ್ಲಿ ನಾನೊಬ್ಬಳೇ ಅದನ್ನು ಮೂರನೇ ಸಲ ಓದುತ್ತಿದ್ದವಳು. ಹುಲಿಯ ಬಂದ ತಕ್ಷಣ ನನಗೆ ಕೊನೆಯೇ ನೆನಪಾಗುತ್ತದೆ. ನಮ್ಮ ಮನೆಯಿಂದ ತುಂಗೆ ಕಾಲ್ನಡಿಗೆಯ ದೂರ. ಹೊಳೆ ತುಂಬಿದಾಗಲೆಲ್ಲ ಆ ಪುಟ ಕಣ್ಣಮುಂದೆ ಬರುತ್ತದೆ, ತಡೆಯಲಾಗದೆ ಬರೆದೆ. ಮುಂದೆ ಓದುವವರ ನೆನಪೇ ಆಗಲಿಲ್ಲ.

ಟೀಚರ್, ಆ ಎರಡು ಸಾಲು ಅಳಿಸಿಬಿಡಿ. ನನಗೆ ಬೇಜಾರಿಲ್ಲ. ಉಣುಗೋಲಿನ ದನ ಮಾತ್ರ ಇರಲಿ.

ಗುಮ್ಮಟದೂರು:

ಅಕ್ಕಾರ, ನೀವು ಕ್ಷಮೆ ಕೇಳಬೇಡಿ. ಕಾರ್ಡ್ ಬರೆದವನು ನಾನು, ಅರ್ಧ ಮಾತು ಬರೆದು ಹಾಕಿದ್ದು ನನ್ನ ತಪ್ಪು. ಆಗ ಇನ್ನೂ ನೂರು ಪುಟವೂ ಆಗಿರಲಿಲ್ಲ.

ರಾತ್ರಿ ಅಂಗಡಿ ಮುಚ್ಚಿದ ಮೇಲೆ ದಿನಾ ಹತ್ತು ಪುಟ ಓದಿದೆ. ಏಳುನೂರು ಪುಟ, ಎರಡೂವರೆ ತಿಂಗಳು ಹಿಡಿಯಿತು. ಕೊನೆ ಗೊತ್ತಿದ್ದರಿಂದ ಏನಾಯಿತು ಅಂದರೆ, ಹುಲಿಯ ಎಲ್ಲೆಲ್ಲಿ ಬಂದನೋ ಅಲ್ಲಿ ನಿಧಾನ ಮಾಡಿದೆ. ಗುತ್ತಿ ಅವನನ್ನು ಕರೆದರೆ ಸಾಕು, ಎದೆಯಲ್ಲಿ ಏನೋ ಆಗುತ್ತಿತ್ತು. ಗುತ್ತಿಯನ್ನು ಊರವರು ನಾಯಿಗುತ್ತಿ ಅಂತಲೇ ಕರೆಯುತ್ತಾರೆ. ಗೊತ್ತಿಲ್ಲದೆ ಓದಿದ್ದರೆ ಆ ಹೆಸರನ್ನು ಸುಮ್ನೆ ದಾಟಿಹೋಗುತ್ತಿದ್ದೆ. ಕೊನೆಗೆ ಬಂದಾಗ ಒಂದು ವಾರ ಪುಸ್ತಕ ತೆರೆಯಲೇ ಇಲ್ಲ. ಮನೆಯವಳು ಕೇಳಿದಳು, ಯಾಕ್ರೀ, ಮುಗಿಸಲ್ವಾ ಅಂತ. ಮುಗಿಸಲು ಮನಸ್ಸಿರಲಿಲ್ಲ.

ಹಾಗಂತ ಆ ಹುಡುಗಿಗೂ ಮೊದಲೇ ಹೇಳಬೇಕು ಎನ್ನುತ್ತಿಲ್ಲ. ಅವಳ ಓದು ಅವಳದೇ ಆಗಲಿ. ಆದರೆ ಅಳಿಸಬೇಡಿ. ಮುಗಿಸಿದ ಮೇಲೆ ಅವಳು ಅದನ್ನು ನೋಡಬೇಕು. ಅದರ ಕೆಳಗೇ ನಾನೂ ಒಂದು ಸಾಲು ಬರೆದಿದ್ದೇನೆ, ಟೀಚರ್ ನೋಡಿಲ್ಲ ಅನಿಸುತ್ತದೆ.

ಬೆಣ್ಣೆನಗರಿ:

ಈಗ ನೋಡಿದೆ ಅಣ್ಣಾ. ತುಂಬ ಸಣ್ಣ ಅಕ್ಷರ, ಬೈಂಡಿಂಗ್ ಕಡೆಗೆ ಸರಿದಿದೆ. ‘ನೋಡಿಟ್ಟುಕೊಂಡೆ ಅಕ್ಕಾರ’ ಎಂದಿದೆ. ರಬ್ಬರ್ ಎತ್ತಿಟ್ಟೆ.

ಕಪಾಟಿನ ಸರ್ ಹೇಳಿದ ಹಾಗೇ ಪಟ್ಟಿ ಸುತ್ತಿದೆ. ಬಿಳಿ ಕಾಗದದ ಬದಲು ಶಾಲೆಯ ಗ್ರಾಫ್ ಹಾಳೆ ಹಾಕಿದೆ, ಒಳಗಿನದು ಕಾಣುವುದಿಲ್ಲ. ಮೇಲೆ ‘ಕೊನೆಯ ಪುಟ ಓದಿದ ಮೇಲೆ ಕತ್ತರಿಸಿ’ ಎಂದು ಬರೆದೆ. ನಾಳೆ ಶನಿವಾರ, ಬೆಳಗಿನ ಶಾಲೆ. ಮುಗಿಸಿಕೊಂಡು ಅಂಚೆ ಕಚೇರಿಗೆ ಹೋಗುತ್ತೇನೆ. ಈ ಸಲ ಒಳಗೊಂದು ಪ್ಲಾಸ್ಟಿಕ್ ಕವರ್, ಮೇಲೊಂದು ಕಂದು ಕಾಗದ.

ಮಂಗಳೂರಿನವರೇ, ನಿಮ್ಮ ಐತನ ಟಿಪ್ಪಣಿಯಲ್ಲಿ ಎರಡು ಪದ ಮಸುಕಾಗಿವೆ. ‘ಅಜ್ಜನ’ ಆದ ಮೇಲೆ ಓದಲು ಬರುತ್ತಿರಲಿಲ್ಲ. ಈಗ ನೀವು ಬರೆದದ್ದು ನೋಡಿ ಗೊತ್ತಾಯಿತು, ‘ಅಣ್ಣನೂ ಹೀಗೆ’ ಎಂದು. ನಾನೇ ತಿದ್ದಿ ಬರೆಯಬಹುದಾ? ನಿಮ್ಮ ಅಕ್ಷರದ ಮೇಲೆ ನನ್ನ ಪೆನ್ಸಿಲ್ ಆಡಿಸುವ ಮೊದಲು ಕೇಳಬೇಕು ಅನ್ನಿಸಿತು. ನಾಳೆ ಹನ್ನೊಂದರೊಳಗೆ ತಿಳಿಸಿ.

ಕುಡ್ಲದ ಓದುಗ:

ಬರೆಯಿರಿ ಮೇಡಂ.