ಥರ್ಮೋಕಪಲ್ ಕಡಿಮೆ ತೋರಿಸ್ತಿದೆ, ನಿಮ್ಮಲ್ಲಿ ಏನಾಗಿತ್ತು ಹೇಳಿ

ಪೀಣ್ಯ ಶಿಫ್ಟ್ ಇನ್‌ಚಾರ್ಜ್: ಗ್ಯಾಸ್ ಕಾರ್ಬುರೈಸಿಂಗ್ ಫರ್ನೆಸ್ (ಉಕ್ಕಿನ ಮೇಲ್ಪದರಕ್ಕೆ ಇಂಗಾಲ ಸೇರಿಸಿ ಗಟ್ಟಿ ಮಾಡೋದು), ಕೆ ಟೈಪ್ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿ ಸೇರಿಸಿ ಶಾಖ ಅಳೆಯೋ ಪ್ರೋಬ್). ಕಂಟ್ರೋಲರ್‌ನಲ್ಲಿ 920 ಡಿಗ್ರಿ ಇದ್ದಾಗ ಪಕ್ಕದಲ್ಲಿ ಇಳಿಸಿದ ಮಾಸ್ಟರ್ (ತಾಳೆ ನೋಡೋ ಥರ್ಮೋಕಪಲ್) 948 ತೋರಿಸುತ್ತೆ. ಕೇಸ್ ಡೆಪ್ತ್ (ಗಟ್ಟಿಯಾದ ಪದರದ ಆಳ) 0.8 ಮಿ.ಮೀ. ಬೇಕಾದಲ್ಲಿ 0.95 ಬರ್ತಿದೆ. ಕಂಟ್ರೋಲರ್ ಬದಲಾಯಿಸಿದ್ರೂ ಅಷ್ಟೇ. ಅನುಭವ ಇರೋರು ದಯವಿಟ್ಟು ಹೇಳಿ.

ಬೊಮ್ಮಸಂದ್ರ ಹೀಟ್ ಟ್ರೀಟರ್: ನಮ್ಮದೂ ಕಾರ್ಬುರೈಸಿಂಗೇ. ಒಂದು ಲಾಟ್ ಪಿನಿಯನ್ ಪೂರ್ತಿ ರಿಜೆಕ್ಟ್ ಆಯ್ತು. ಮಾಲು 62,000, ಗ್ರಾಹಕರ ಡೆಬಿಟ್ ನೋಟ್ 1,85,000, ವಾಪಸ್ ತಂದ ಲಾರಿ ಬಾಡಿಗೆ 7,500, ಅದನ್ನೂ ನಮ್ಮ ತಲೆಗೇ ಕಟ್ಟಿದ್ರು. ಪ್ರೋಬ್ ಒಡೆದು ನೋಡಿದ್ರೆ ಪಾಸಿಟಿವ್ ತಂತಿ ಮೇಲೆ ಹಸಿರು ಪುಡಿ. ಆ ತಂತಿ ಕ್ರೋಮೆಲ್, ಅಂದ್ರೆ ನಿಕಲ್-ಕ್ರೋಮಿಯಂ ಮಿಶ್ರಲೋಹ; ಅದಕ್ಕೆ ಆಯಸ್ಕಾಂತ ಹಿಡಿಯಬಾರದು, ನಮ್ಮದು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಗ್ರೀನ್ ರಾಟ್. ಆಮ್ಲಜನಕ ಕಮ್ಮಿ ಇರೋ ಕಡೆ, 800 ರಿಂದ 1,050 ರ ಒಳಗೆ, ಕ್ರೋಮಿಯಂ ಮಾತ್ರ ಆಕ್ಸೈಡ್ ಆಗಿ ಹೋಗುತ್ತೆ, ರೀಡಿಂಗ್ ದಿನದಿನಕ್ಕೆ ಇಳಿಯುತ್ತೆ, ಕಂಟ್ರೋಲರ್ ಇನ್ನಷ್ಟು ಉರಿಸುತ್ತೆ. ಈ ಕಾಟ ಕಮ್ಮಿ ಇರೋ ಎನ್ ಟೈಪ್ ಥರ್ಮೋಕಪಲ್‌ಗೆ ಹೋದ್ವಿ. ಪ್ರೋಬ್ 6,800, ಕೇಬಲ್ಲೂ ಎನ್‌ದೇ ಬೇಕು ಅಂತ 40 ಮೀಟರ್ ಹೊಸದಾಗಿ ಎಳೆಸಿದ್ವಿ. ಸ್ಟೋರ್ಸ್‌ನೋರು ಬಿಲ್ ಪಾಸ್ ಮಾಡೋಕೆ ಪ್ರಾಣ ತಿಂದ್ರು. ನಾನು ಬಿಡಲಿಲ್ಲ. ಇನ್ನು ಕೆ ಟೈಪ್ ಕಡೆ ತಲೆ ಹಾಕಲ್ಲ.

ಬೆಳಗಾವಿ ಫೌಂಡ್ರಿ ಮೆಂಟೆನೆನ್ಸ್: ಎನ್ ಟೈಪ್ ಆಮ್ಯಾಲ ನೋಡ್ರಿ, ಮೊದಲ ಕೇಬಲ್ ನೋಡ್ರಿ. ನಮ್ಮ ಅನೀಲಿಂಗ್ ಫರ್ನೆಸ್ ಪ್ಯಾನಲ್ ಸರಿಸಾಕ ಬಂದ ಕಾಂಟ್ರ್ಯಾಕ್ಟರ್ ಕಾಂಪೆನ್ಸೇಟಿಂಗ್ ಕೇಬಲ್ (ಥರ್ಮೋಕಪಲ್ ತಂತಿಗೆ ಹೊಂದೋ ಲೋಹದ್ದು) ಬದ್ಲಿ ಸಾದಾ ತಾಮ್ರದ ಕಂಟ್ರೋಲ್ ಕೇಬಲ್ ಎಳದು ಹೋಗಿದ್ದ. ಮುಂಜಾನೆ ಎಲ್ಲಾ ಬರೊಬ್ಬರಿ. ಮಧ್ಯಾಹ್ನ ಹೆಡ್ (ಥರ್ಮೋಕಪಲ್‌ಗೆ ಕೇಬಲ್ ಕೂಡೋ ಡಬ್ಬಿ) 75 ಡಿಗ್ರಿ, ಪ್ಯಾನಲ್ ರೂಮ್ 35, ನಡುವಿನ 40 ಡಿಗ್ರಿ ಲೆಕ್ಕಕ್ಕ ಬರ್ತಿದ್ದಿಲ್ಲ, ರೀಡಿಂಗ್ ಅಷ್ಟು ಕಮ್ಮಿ. ಕಂಟ್ರೋಲರ್‌ಗೆ 14,500, ಹೊಸ ಥರ್ಮೋಕಪಲ್‌ಗೆ 4,200, ಕ್ಯಾಲಿಬ್ರೇಶನ್‌ಗೆ ಪುಣೆಯಿಂದ ಬಂದವ್ರಿಗೆ 9,000, ಮ್ಯಾಲ ಅವರ ಊಟ, ಲಾಡ್ಜ್. ಎಲ್ಲಾ ದಂಡ. ಕೇಬಲ್ಲಿಗೆ ಹತ್ತಿದ್ದು 2,000 ಚಿಲ್ಲರೆ. ಇವತ್ತಿಗೂ ಆ ಮನಷ್ಯಾನ ಹೆಸರು ಕೇಳಿದ್ರ ಮೈ ಉರಿತೈತಿ. ಈಗಿನ ಐಟಿಐ ಹುಡುಗರಿಗೆ ಕೇಬಲ್ಲಿನ ಫರಕ್ಕ ಗೊತ್ತಿಲ್ರಿ.

ಹರಿಹರ ಎಲೆಕ್ಟ್ರಿಷಿಯನ್: ಐಟಿಐ ಅಂತ ಯಾಕೆ ಎಳೀತೀರ ಸ್ವಾಮಿ? ನಾನೂ ಐಟಿಐನೇ. ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಫರ್ನೆಸ್ ಜತೆ ಅಮೆರಿಕನ್ ಬಣ್ಣದ ಕೋಡ್ ಇರೋ ಕೆ ಟೈಪ್ ಕೇಬಲ್ ಬಂದಿತ್ತು. ಅದರಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಬಿಇ ಓದಿದ ಸಾಹೇಬ್ರು "ಕೆಂಪು ಅಂದ್ರೆ ಪ್ಲಸ್ ಕಣಯ್ಯ" ಅಂತ ನಿಂತು ಎರಡೂ ತುದಿ ಉಲ್ಟಾ ಹಾಕಿಸಿದ್ರು. ಎರಡೂ ಕಡೆ ಉಲ್ಟಾ ಆದ್ರೆ ರೀಡಿಂಗ್ ಏರೋದು ಏರುತ್ತೆ, ಯಾರಿಗೂ ಅನುಮಾನ ಬರಲ್ಲ. ಆದ್ರೆ ಹೆಡ್‌ಗೂ ಪ್ಯಾನಲ್‌ಗೂ 30 ಡಿಗ್ರಿ ವ್ಯತ್ಯಾಸ ಇದ್ರೆ ರೀಡಿಂಗ್ 60 ಕಮ್ಮಿ. ಪತ್ತೆ ಹಚ್ಚಿದ್ದು ನಾನು. ಇನ್ಕ್ರಿಮೆಂಟ್ ಆಗಿದ್ದು ಅವರಿಗೆ.

ತುಮಕೂರು ಸಣ್ಣ ಘಟಕ: ಇಷ್ಟೆಲ್ಲ ಯಾಕೆ? ಕಂಟ್ರೋಲರ್‌ನಲ್ಲಿ ಆಫ್‌ಸೆಟ್ 28 ಹಾಕಿ (ರೀಡಿಂಗ್‌ಗೆ 28 ಕೂಡಿಸಿ) ಕೆಲಸ ಶುರು ಮಾಡಿ. ನಾನು ಹಾಗೇ ನಡೆಸ್ತಿದ್ದೀನಿ, ಮಾಲು ಪಾಸಾಗ್ತಿದೆ.

ಬೊಮ್ಮಸಂದ್ರ ಹೀಟ್ ಟ್ರೀಟರ್: ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಗ್ರೀನ್ ರಾಟ್ ಆಗಿದ್ರೆ ಇವತ್ತಿನ 28 ಮುಂದಿನ ತಿಂಗಳು ಇನ್ನೆಷ್ಟೋ. ತಾಮ್ರದ ಕೇಬಲ್ ಆಗಿದ್ರೆ ಬೆಳಿಗ್ಗೆ ಸೊನ್ನೆ, ಸಂಜೆ ಬೇರೆ. ಯಾವ 28 ಹಾಕ್ತೀರಿ? ಆಡಿಟರ್ ಬಂದು ಆಫ್‌ಸೆಟ್‌ಗೆ ದಾಖಲೆ ಕೇಳಿದಾಗ ಏನು ತೋರಿಸ್ತೀರಿ?

ತುಮಕೂರು ಸಣ್ಣ ಘಟಕ: ನಿಮಗೆ ಡೆಬಿಟ್ ನೋಟ್ ತಡ್ಕೊಳ್ಳೋ ಶಕ್ತಿ ಇದೆ ಸರ್. ನಮ್ಮಲ್ಲಿ ಫರ್ನೆಸ್ ಒಂದು ದಿನ ನಿಂತ್ರೆ ಕೂಲಿ, ಕರೆಂಟ್ ಸೇರಿ 11,000 ಹೋಗುತ್ತೆ. 40 ಮೀಟರ್ ಕೇಬಲ್ ಎಳೆಸಿ ಅಂತ ಹೇಳೋದು ಸುಲಭ.

ಬೊಮ್ಮಸಂದ್ರ ಹೀಟ್ ಟ್ರೀಟರ್: ಶಕ್ತಿ ಇತ್ತು ಅಂತ ಯಾರು ಹೇಳಿದ್ರು? ಆ ವರ್ಷ ಬೋನಸ್ ಕೊಡೋಕೆ ಆಗಲಿಲ್ಲ.

ಬೆಳಗಾವಿ ಫೌಂಡ್ರಿ ಮೆಂಟೆನೆನ್ಸ್: ಹರಿಹರದವ್ರ, ನಿಮ್ಮನ್ನ ಅಂದಿದ್ದಲ್ರಿ. ಆದ್ರ ತಾಮ್ರ ಎಳದಾಂವ ಐಟಿಐ ಪಾಸಾದಾವನ, ಅದು ಸುಳ್ಳಲ್ಲ.

ಹರಿಹರ ಎಲೆಕ್ಟ್ರಿಷಿಯನ್: ಅವನ ಕೈಗೆ ತಾಮ್ರದ ರೋಲ್ ಕೊಟ್ಟಿದ್ದು ಯಾರು? ಪರ್ಚೇಸ್‌ನೋರು "ಟೂ ಕೋರ್ ಕೇಬಲ್" ಅಂತ ಆರ್ಡರ್ ಹಾಕಿರ್ತಾರೆ, ಡ್ರಾಯಿಂಗ್‌ನಲ್ಲಿ ಟೈಪ್ ಬರೆದಿರಲ್ಲ. ನಿಮ್ಮ ಇಂಡೆಂಟ್ ತೆಗೆದು ನೋಡಿ, ಆಮೇಲೆ ಹುಡುಗರನ್ನ ಬೈಯಿರಿ.

ಬೆಳಗಾವಿ ಫೌಂಡ್ರಿ ಮೆಂಟೆನೆನ್ಸ್: ಇಂಡೆಂಟ್ ನಾನ ಬರದಿದ್ದೆ, "ಕೆ ಟೈಪ್ ಕಾಂಪೆನ್ಸೇಟಿಂಗ್" ಅಂತ ದಪ್ಪ ಅಕ್ಷರದಾಗ. ಕಾಪಿ ಇನ್ನೂ ನನ್ನ ಫೈಲ್‌ನ್ಯಾಗ ಐತಿ.