ಬೆನ್ನಿಗೆ ತಾಗಿದ ಥ್ರೋ-ಇನ್

ನಾಗೇಶ್: ಈ ಬಾಸ್ಕೆಟ್‌ಬಾಲ್ ವಿಡಿಯೊ ನೋಡ್ರೋ. ಒಬ್ಬ ಆಟಗಾರ ಥ್ರೋ-ಇನ್ ಮಾಡ್ತಿದ್ದಾನೆ, ಅಂದ್ರೆ ಅಂಕಣದ ಹೊರಗಿಂದ ಬಾಲ್ ಒಳಗೆ ಎಸೀತಿದ್ದಾನೆ. ರಿಂಗಿನ ಹಿಂದಿನ ಗೆರೆ, ಎಂಡ್‌ಲೈನ್, ಅದರ ಆಚೆಯಿಂದ ಡಿಫೆಂಡರ್ ಬೆನ್ನಿಗೆ ಬಾಲ್ ಎಸೆದು, ತಾನೇ ಒಳಗೆ ಬಂದು ಎತ್ಕೊಂಡು ರಿಂಗಿನ ಹತ್ತಿರದಿಂದಲೇ ಲೇ-ಅಪ್ ಹಾಕ್ದ. ರೆಫರಿ ಎರಡು ಪಾಯಿಂಟ್ ಕೊಟ್ಟೇಬಿಟ್ರು. ಇದು ಅನ್ಯಾಯ.

ಸುಧಾ: ಬೆನ್ನಿಗೆ ಎಸೆದಿದ್ದು ತಪ್ಪಲ್ಲ ಕಣೋ. ಎಸೆದವನು ಮತ್ತೆ ಬಾಲ್ ಮುಟ್ಟೋಕೆ ಮುಂಚೆ ಅಂಕಣದೊಳಗೆ ಇನ್ನೊಬ್ಬರಿಗೆ ಅದು ತಾಗಿರಬೇಕು, ಅಷ್ಟೇ. ಎದುರಾಳಿಗೆ ತಾಗಿದ್ರೂ ನಡೆಯುತ್ತೆ. ಮುಖಕ್ಕೆ ಗುರಿಯಿಟ್ಟೋ, ನೋವಾಗೋ ಹಾಗೆ ಬೀಸಿಯೋ ಹೊಡೆದಿದ್ರೆ ಮಾತು ಬೇರೆ.

ಫಯಾಜ್: ಬೆನ್ನು ಬಿಡಿ, ವಿಡಿಯೊ ನಿಧಾನ ಮಾಡಿ ಕಾಲು ನೋಡಿ. ಬಾಲ್ ಹಿಡಿಯುವಾಗ ಎಡಗಾಲು ಒಳಗೆ, ಬಲಗಾಲಿನ ತುದಿ ಇನ್ನೂ ಗೆರೆ ಮೇಲೆ. ಗೆರೆ ಅಂದ್ರೆ ಔಟೇ.

ಸುಧಾ: ತುದಿ ಎತ್ತಿದ್ದಾನೆ ನೋಡು. ಒಂದು ಕಾಲು ಒಳಗೆ ಊರಿ ಇನ್ನೊಂದು ಗಾಳೀಲಿದ್ರೆ ಅವನು ಒಳಗೇ.

ಫಯಾಜ್: ಆದ್ರೆ ಎರಡೂ ಗಾಳೀಲಿದ್ರೆ ಔಟೇ. ಹೊರಗಿಂದ ಹಾರಿದವನು ಒಳಗೆ ಕಾಲೂರೋವರೆಗೂ ಹೊರಗಿನವನೇ.

ವೀಣಾ: ನೀವಿಬ್ಬರೂ ಕೊನೆಯ ಕ್ಷಣಕ್ಕೇ ಅಂಟಿಕೊಂಡಿದ್ದೀರಿ. ತಪ್ಪು ಅದಕ್ಕಿಂತ ಮೊದಲೇ ಆಗಿದೆ. ರೆಫರಿ ಜಾಗ ತೋರಿಸಿ ಕೊಟ್ಟ ಥ್ರೋ-ಇನ್‌ನಲ್ಲಿ ಪಕ್ಕಕ್ಕೆ ಸರಿಯೋಕೆ ಇರೋದು ಒಟ್ಟು 1 ಮೀಟರ್, ಎಡ ಬಲ ಸೇರಿ. ಇವನು ಬ್ಯಾಕ್‌ಬೋರ್ಡಿನ (ರಿಂಗ್ ಕೂರಿಸಿರೋ ಹಲಗೆಯ) ಈ ಅಂಚಿನ ಹತ್ತಿರ ಬಾಲ್ ತಗೊಂಡು ಆ ಅಂಚು ದಾಟಿ ಎಸೆದಿದ್ದಾನೆ. ಬೋರ್ಡ್ ಅಗಲವೇ 1.80 ಮೀಟರ್.

ನಾಗೇಶ್: ಹಿಂದಕ್ಕೂ ಹೋಗಿದ್ದಾನಲ್ಲ?

ವೀಣಾ: ನೇರ ಹಿಂದಕ್ಕೆ ಜಾಗ ಇದ್ದಷ್ಟೂ ಹೋಗಬಹುದು. ಅಳತೆ ಪಕ್ಕಕ್ಕೆ ಮಾತ್ರ.

ಸುಧಾ: ಎದುರಾಳಿ ಬಾಸ್ಕೆಟ್ ಹಾಕಿದ ಮೇಲಿನ ಥ್ರೋ-ಇನ್ ಆಗಿದ್ರೆ ಎಂಡ್‌ಲೈನ್ ಉದ್ದಕ್ಕೂ ಓಡಬಹುದು ವೀಣಾ. ಮಧ್ಯೆ ಟೈಮ್‌ಔಟ್ ಆಗಿ ರೆಫರಿ ಕೈಗೆ ಕೊಟ್ಟರೂ ಆ ಹಕ್ಕು ಹೋಗಲ್ಲ. ಇದು ಅದೇ ಯಾಕಾಗಿರಬಾರದು?

ವೀಣಾ: ಅವನು ಲೇ-ಅಪ್ ಹಾಕಿದ್ದು ಯಾವ ರಿಂಗಿಗೆ? ಪಕ್ಕದಲ್ಲೇ ಇದ್ದ ರಿಂಗಿಗೆ. ಎದುರಾಳಿ ಬಾಸ್ಕೆಟ್ ಹಾಕಿದ ಮೇಲೆ ನಾವು ಎಸೆಯೋದು ನಾವು ಕಾಯೋ ರಿಂಗಿನ ಹಿಂದಿನಿಂದ. ಆಗ ಲೇ-ಅಪ್‌ಗೆ ಇಡೀ ಅಂಕಣ ದಾಟಬೇಕು.

ಫಯಾಜ್: ಹೌದಲ್ವಾ! ಹಾಗಾದ್ರೆ ಇದು ಜಾಗ ತೋರಿಸಿ ಕೊಟ್ಟಿದ್ದೇ. ಕಾಲಿನ ವಾದ ಬಿಟ್ಟೆ.

ಸುಧಾ: ಒಪ್ಪಿದೆ. ಬೆನ್ನಿನ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗಲ್ಲ.

ನಾಗೇಶ್: ಅಂದ್ರೆ ಎದುರಾಳಿಗೆ ಫ್ರೀ ಥ್ರೋ ಸಿಗಬೇಕಿತ್ತಾ?

ವೀಣಾ: ಇಲ್ಲ, ಇದು ಫೌಲ್ ಅಲ್ಲ, ವಯಲೇಷನ್, ಅಂದ್ರೆ ಬರೀ ನಿಯಮ ಮೀರಿದ್ದು. ಬಾಸ್ಕೆಟ್ ರದ್ದು, ಮೊದಲು ಎಸೆದ ಅದೇ ಜಾಗದಿಂದ ಎದುರಾಳಿಗೆ ಥ್ರೋ-ಇನ್.